ನಂಜಪ್ಪನವರ ಮೂಗಿಗೆ ಕಡ್ಡಿ ಹಾಕಿದ ಚೂಡಾಮಣಿ

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ದಬಾಯಿಸಿದರೆ ಬಗ್ಗದವರು ಇಬ್ಬರು. ಒಬ್ಬರು ತೆಂಗಿನಕಾಯಿ ಮಂಡಿಯ ನಂಜಪ್ಪ. ಇನ್ನೊಬ್ಬರು ಅವರದೇ ಮಳಿಗೆಯಲ್ಲಿ ಬಾಡಿಗೆಗೆ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟಿರುವ ಚೂಡಾಮಣಿ. ತೂಕದಲ್ಲಿ ಒಂದು ಬೆಲ್ಲದ ಮೂಟೆಗೆ ಸಮನಾಗದ ಹೆಂಗಸು. ಊರಿನ ಗಟ್ಟಿ ಆಳುಗಳೆಲ್ಲ ಆಕೆಯ ಮುಂದೆ ತೋಳು ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು ಕೂತವರೇ. ಬೆಲ್ಲದ ವ್ಯಾಪಾರಿ ನಾನೂ ಕೂತಿದ್ದೇನೆ. ಸಕ್ಕರೆಯ ಅಂಕಿ ಒಂದಿಷ್ಟು ಇಳಿಸಿ ಬರೆಯಮ್ಮ ಎಂದು ಚೌಕಾಸಿ ಮಾಡಿ ಬೈಸಿಕೊಂಡೂ ಇದ್ದೇನೆ.

ನಂಜಪ್ಪನವರಿಗೆ ತಮ್ಮ ಕಿವಿಯ ಮೇಲೆ ಭಾರಿ ಭರವಸೆ. ಕಾಯಿ ತಟ್ಟಿದರೆ ಸಾಕು, ಒಳಗಿನದೆಲ್ಲ ಹೇಳಿಬಿಡುತ್ತಾರೆ. ಹೋದ ವರ್ಷ ಅವರ ಎರಡು ತಿಂಗಳ ಮೊಮ್ಮಗಳು ಕೆಮ್ಮಿ ಕೆಮ್ಮಿ ನೀಲಿಗಟ್ಟಿ, ಒಂದು ಗಳಿಗೆ ಉಸಿರನ್ನೇ ನಿಲ್ಲಿಸಿದಳು. ಸೊಸೆ ಅನುಶ್ರೀ ಮಗುವನ್ನೆತ್ತಿಕೊಂಡು ಬೀದಿಯ ಡಾಕ್ಟರ ಹತ್ತಿರ ಓಡಿದಳು. ನಾಯಿಕೆಮ್ಮಿನ ಅನುಮಾನವಿದೆ, ಕೂಡಲೇ ಹಾಸನದ ಆಸ್ಪತ್ರೆಗೆ ಹೊರಡಿ ಎಂದರು ಡಾಕ್ಟರು. ಕಾರು ಬರುವಷ್ಟರಲ್ಲಿ, ಔಷಧಿ ಬೀಳುವ ಮೊದಲೇ, ಪಕ್ಕದ ಲ್ಯಾಬಿನಲ್ಲಿ ಪರೀಕ್ಷೆಗೆ ಮೂಗಿನ ದ್ರವ ಕೊಟ್ಟುಬಿಡಿ ಎಂದೂ ಹೇಳಿದರು.

ಲ್ಯಾಬಿನ ಬಾಗಿಲಲ್ಲಿ ನಂಜಪ್ಪ ಅಡ್ಡ ನಿಂತರು. ಗಲಾಟೆ ಕೇಳಿ ನಾನೂ ಅಲ್ಲಿಗೆ ಬಂದಿದ್ದೆ. ನಾಯಿಕೆಮ್ಮಾದರೆ ಕೊನೆಗೆ ಊಳಿಟ್ಟ ಹಾಗೆ ಉಸಿರೆಳೆಯಬೇಕು, ಇದಕ್ಕೆ ಆ ಸದ್ದೇ ಇಲ್ಲ, ಬರೀ ಶೀತ, ಮನೆಗೆ ನಡೀರಿ ಎಂದರು. ಹೇಳುತ್ತಲೇ ತಾವೂ ಕೆಮ್ಮಿದರು. ಮೂರು ವಾರದಿಂದ ಕೆಮ್ಮುತ್ತಿದ್ದರು. ಮಂಡಿಯ ಧೂಳು ಎಂದು ನಮಗೆಲ್ಲ ಹೇಳಿದ್ದರು. ಮಗು ದಿನವೆಲ್ಲ ಮಲಗುತ್ತಿದ್ದುದು ಅವರ ತೊಡೆಯ ಮೇಲೆಯೇ.

ಇಷ್ಟು ಎಳೆಯ ಕೂಸುಗಳಿಗೆ ಎಷ್ಟೋ ಸಲ ಸದ್ದು ಬರುವುದೇ ಇಲ್ಲ, ಉಸಿರೇ ನಿಲ್ಲುತ್ತದೆ ಎಂದಳು ಚೂಡಾಮಣಿ. ಅವರನ್ನು ಸರಿಸಿ ಮಗುವಿನ ಮೂಗಿಗೆ ತೆಳ್ಳನೆಯ ಕಡ್ಡಿ ಇಳಿಸಿ, ತೆಗೆದು, ಕೊಳವೆಯ ಮುಚ್ಚಳ ಬಿಗಿದಳು. ಅನುಶ್ರೀ ಮಗುವಿನೊಂದಿಗೆ ಕಾರು ಹತ್ತಿದಳು. ನಂಜಪ್ಪ ಹಿಂದೆಯೇ ಹೊರಟಾಗ ಚೂಡಾಮಣಿ ತಡೆದು, ನಿಮ್ಮದೂ ಬೇಕು, ಕೂತ್ಕೊಳ್ಳಿ ಎಂದಳು.

“ನನ್ ಮಳಿಗೇಲೇ ಕೂತ್ಕಂಡು ನನ್ ಮೂಗ್ಗೇ ಕಡ್ಡಿ ಆಕ್ತೀಯೇನವ್ವ? ನಾಳೀಕೇ ಖಾಲಿ ಮಾಡುಸ್ಬುಡ್ತೀನಿ ಕಣವ್ವ.”

“ಮಾಡೋಣ ಯಜಮಾನ್ರೇ. ಮೊದ್ಲು ತಲೆ ಹಿಂದಕ್ಕೆ ಹಾಕಿ.”

“ಸದ್ದು ಕೇಳುದ್ರೇ ಗೊತ್ತಾಯ್ತದೆ ನಂಗೆ.”

“ಹಾಗಿದ್ರೆ ಪ್ರತಿ ಲೋಡಿಗೂ ಒಂದು ಕಾಯಿ ಯಾಕೆ ಒಡೆದು ನೋಡ್ತೀರಿ?”

ನಾನು ನಕ್ಕುಬಿಟ್ಟೆ. ನಂಜಪ್ಪ ನನ್ನನ್ನು ಗುರಾಯಿಸಿ, ಕೂತು, ತಲೆ ಹಿಂದಕ್ಕೆ ಹಾಕಿದರು. ಕಣ್ಣಲ್ಲಿ ನೀರು ಬಂತು. ಕಡ್ಡಿಗೋ ಮೊಮ್ಮಗಳಿಗೋ, ನಾನು ಕೇಳಲಿಲ್ಲ.

ವರದಿ ಬಂದಾಗ ಇಬ್ಬರದೂ ನಾಯಿಕೆಮ್ಮೇ. ಆರೋಗ್ಯ ಇಲಾಖೆಗೆ ಹೋಗುವ ವರದಿಯಿಂದ ತಮ್ಮ ಹೆಸರು ಕೈಬಿಡಲು ನಂಜಪ್ಪ ಹೇಳಿ ಕಳಿಸಿದರು. ಬೇಕಾದವರ ಹೆಸರು ಮಾತ್ರ ಹಾಕಲು ಇದೇನು ಮದುವೆ ಪತ್ರಿಕೆಯಲ್ಲ ಎಂದು ಚೂಡಾಮಣಿ ತಿರುಗಿ ಹೇಳಿ ಕಳಿಸಿ, ಎರಡೂ ಹೆಸರು ಹಾಕಿಯೇ ಇಲಾಖೆಗೆ ಮುಟ್ಟಿಸಿದಳು. ಮನೆಯವರಿಗೆಲ್ಲ ಮಾತ್ರೆ ಸಿಕ್ಕಿತು; ಅದು ಮುಗಿಯುವವರೆಗೆ ನಂಜಪ್ಪ ಮಗುವಿನ ಹತ್ತಿರ ಹೋಗಬಾರದೆಂದೂ ಆಯಿತು. ಮಂಡಿಯಲ್ಲಿ ಕೆಮ್ಮುತ್ತಿದ್ದ ಹಮಾಲಿಗಳಿಗೂ ಪರೀಕ್ಷೆಯಾಯಿತು.

ಹನ್ನೆರಡು ದಿನಕ್ಕೆ ಮಗು ಹುಷಾರಾಗಿ ಹಿಂತಿರುಗಿತು. ಅಂದು ನಂಜಪ್ಪ ಮನೆಗೆ ಹೋಗುವ ಮೊದಲು ಲ್ಯಾಬಿನ ಬಾಗಿಲಿಗೆ ಬಂದು ನಿಂತರು.

“ಈಗ ಎತ್ಕಬೋದಾ ಮಗೀನಾ?”

ಮಾತ್ರೆ ಮುಗಿಸಿದಿರಾ ಎಂದು ಚೂಡಾಮಣಿ ಕೇಳಿದಳು. ಬಾಯಿಮಾತು ಆಕೆಗೆ ನಡೆಯುವುದಿಲ್ಲವೆಂದು ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು. ಜೇಬಿನಿಂದ ಖಾಲಿ ಮಾತ್ರೆ ಪಟ್ಟಿ ತೆಗೆದು ಆಕೆಯ ಮೇಜಿನ ಮೇಲಿಟ್ಟರು.