ನೂರೈವತ್ತರ ಬ್ಯಾಟರಿ, ಮೊಮ್ಮಗಳ ತೊಟ್ಟಿಲು

ಮಗನ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು ನನ್ನ ಮೊಮ್ಮಗಳು. ಅದನ್ನು ನೆನೆದರೆ ಈಗಲೂ ಕುಣಿಯಬೇಕೆನಿಸುತ್ತದೆ. ಆದರೆ ಹುಟ್ಟುತ್ತಲೇ ಅವಳಿಗೆ ಎದೆ ಬಿಗಿಯುವ ತ್ರಾಸು. ಮಧ್ಯಾಹ್ನ ಮಶೀನಿನಿಂದ ಔಷಧದ ಹಬೆ ಕೊಡುವುದನ್ನು ತಪ್ಪಿಸಬಾರದೆಂದು ಡಾಕ್ಟರು ಹೇಳಿದ್ದರು. ಆ ಮಶೀನಿಗಾಗಿಯೇ ಮನೆಗೆ ಇನ್ವರ್ಟರ್ ಬಂತು.

ಬ್ಯಾಟರಿ ಕೂಡಿಸಿದವರು ಕಮರಿಪೇಟೆಯ ನಮ್ಮ ಎದುರುಮನೆ ಮಿಸ್ತ್ರಿ. ಅದರ ಮೇಲೆ ಬರೆದ ನೂರೈವತ್ತು ಏನೆಂದು ಕೇಳಿದ್ದೆ.

"ಹದಿನೈದು ಆಂಪಿಯರ್ ಎಳದ್ರ ಹತ್ತು ತಾಸು ಬರ್ತದರಿ, ಅವ್ವಾರ."

ನಾನು ಮೂರನೇ ಇಯತ್ತೆ ಕಲಿತವಳು. ಆದರೂ ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ ಟಾಕಿಯ ನೀರನ್ನು ಒಂದು ಕೊಡವೂ ಕಡಿಮೆ ಬೀಳದಂತೆ ವಾರದ ಕೊನೆಯವರೆಗೆ ಮುಟ್ಟಿಸಿದವಳು. ನಳದ ತೋಟಿಯನ್ನು ಸಣ್ಣಗೆ ಬಿಟ್ಟರೂ ಜೋರಾಗಿ ಬಿಟ್ಟರೂ ಟಾಕಿಯಲ್ಲಿರುವ ಕೊಡ ಅಷ್ಟೇ. ಬ್ಯಾಟರಿಯೂ ಹಾಗೆಯೇ ಅಂದುಕೊಂಡೆ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮುಂಜಾನೆ ಹತ್ತಕ್ಕೆ ಕರೆಂಟ್ ಹೋಯಿತು. ಎರಡು ತಾಸಿನಲ್ಲಿ ಬರುತ್ತದೆ ಅಂದರು ಕರೆಂಟ್ ಆಫೀಸಿನವರು. ನಾಲ್ಕು ಪಟ್ಟು ಎಳೆದರೂ ಎರಡೂವರೆ ತಾಸು ಬಂದೀತು ಎಂದು ಲೆಕ್ಕ ಹಾಕಿದೆ. ಹೂರಣದ ಗ್ರೈಂಡರ್, ಕೂಲರ್, ಎಲ್ಲ ಫ್ಯಾನು, ತೊಟ್ಟಿಲಿನ ಸರದೀಪ, ಎಲ್ಲವನ್ನೂ ಹಚ್ಚಿಸಿದೆ.

"ಅತ್ತಿ, ಕೂಸಿನ ಮಶೀನಿಗೆ ಉಳೀತದೋ ಇಲ್ಲೋ?" ಎಂದಳು ಸೊಸೆ.

"ನನಗ ಲೆಕ್ಕಾ ಕಲಸ್ತಿ ಏನ? ಸುಮ್ನ ಹೂರಣಾ ನೋಡ!"

ತಾಸಿನ ಮೇಲೆ ಸ್ವಲ್ಪ ಹೊತ್ತಾಗಿತ್ತೋ ಇಲ್ಲವೋ, ಇನ್ವರ್ಟರ್ ಕೂಗತೊಡಗಿತು. ಎಲ್ಲ ನಿಂತಿತು; ನಡುನಡುವೆ ಒಮ್ಮೆ ಹೊತ್ತಿ ಮತ್ತೆ ಆರುತ್ತಿತ್ತು. ಹನ್ನೆರಡಾದರೂ ಕರೆಂಟ್ ಬರಲಿಲ್ಲ. ಕೂಸಿನ ಎದೆಯೊಳಗಿಂದ ಸಣ್ಣ ಸಿಳ್ಳು ಏಳತೊಡಗಿತು. ಸೊಸೆ ನನ್ನ ಕಡೆ ನೋಡದೆ ಕೂಸನ್ನು ಎತ್ತಿ ಭುಜಕ್ಕೆ ಹಾಕಿಕೊಂಡಳು. ನಾನು ಅದರ ಬೆನ್ನು ಸವರುತ್ತ ನಿಂತೆ. ಬೇರೇನೂ ಮಾಡಲು ನನಗೆ ಬರುತ್ತಿರಲಿಲ್ಲ.

ಮಗ ಆಸ್ಪತ್ರೆಗೆ ಒಯ್ಯಲು ಆಟೋ ತರಲು ಓಡಿದ. ಅಷ್ಟರಲ್ಲಿ ಸುದ್ದಿ ಕೇಳಿ ಎದುರುಮನೆಯಿಂದ ಮಿಸ್ತ್ರಿ ಬಂದು ಮೊದಲು ಎಲ್ಲ ಸ್ವಿಚ್ಚು ಆರಿಸಿದರು.

"ನನ್ನ ಟಾಕಿ ಲೆಕ್ಕಾ ಎಲ್ಲಿ ತಪ್ಪಿತೋ, ತಮ್ಮಾ? ನಾಕು ಪಟ್ಟು ಎಳದ್ರೂ ಎರಡೂವರಿ ತಾಸು ಬರಬೇಕಿತ್ತಲ್ಲ?"

"ಇದು ನೀರಿನ ಟಾಕಿ ಅಲ್ರಿ, ಅವ್ವಾರ. ಸಾವಕಾಶ ಎಳದ್ರನ ಇದು ನೂರೈವತ್ತು. ಒಮ್ಮಿಗೇ ಜಗ್ಗಿದ್ರ ಅಷ್ಟು ಕೊಡೂದಿಲ್ಲ. ಪೂರಾ ಖಾಲಿ ಆಗಿಲ್ಲ, ದಣಿದದ ಅಷ್ಟ. ಹತ್ತು ನಿಮಿಷ ಬಿಡ್ರಿ."

ಆ ಹತ್ತು ನಿಮಿಷ ನಾನು ಗಡಿಯಾರ ನೋಡಲಿಲ್ಲ, ಕೂಸಿನ ಹೊಟ್ಟೆ ಏರಿಳಿಯುವುದನ್ನಷ್ಟೇ ನೋಡುತ್ತಿದ್ದೆ.

ಆಮೇಲೆ ಮಿಸ್ತ್ರಿ ಮಶೀನೊಂದನ್ನೇ ಹಚ್ಚಿದರು. ಗುರ್‍ರೆಂದಿತು. ಹಬೆ ಬಂತು. ಆಟೋ ಬಾಗಿಲಲ್ಲಿ ನಿಲ್ಲುವ ಹೊತ್ತಿಗೆ ಸಿಳ್ಳು ಇಳಿಯತೊಡಗಿತ್ತು.

ತೊಟ್ಟಿಲಿಗೆ ಬಂದ ಬೀಗಿತಿಯರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಒಂದು ಫ್ಯಾನರ ಹಚ್ರಿ" ಅಂದರು. ನಾನು ಸ್ವಿಚ್ಚುಗಳಿಗೆ ಬೆನ್ನು ಕೊಟ್ಟು ನಿಂತಿದ್ದೆ. ಕರೆಂಟ್ ಬರುವವರೆಗೂ ಅಲ್ಲಿಂದ ಸರಿಯಲಿಲ್ಲ.