ಒಂದು ಬುಟ್ಟಿ ಚಳಿ

ಗರಗರಗರ! ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನಲ್ಲಿ ಮೀನಿಗೆಂದು ಐಸ್ ಪುಡಿ ಮಾಡುವ ಆ ಸದ್ದನ್ನು ನೀವು ಕೇಳಿದ್ದೀರಾ? ಈಗಷ್ಟೇ ಸೊಸೆ ಜ್ಯೂಸಿಗೆಂದು ಮಿಕ್ಸಿಯಲ್ಲಿ ಐಸ್ ತಿರುಗಿಸಿದಳು. ನನಗೆ ಬಾಬಣ್ಣನ ದ್ರಾಕ್ಷಿ ಬಳ್ಳಿ ಕಣ್ಣೆದುರು ಬಂತು. ಐಸಿಗೂ ದ್ರಾಕ್ಷಿಗೂ ಎಂತ ಸಂಬಂಧ ಅನ್ನುತ್ತೀರಿ. ಸ್ವಲ್ಪ ಪೇಷನ್ಸ್ ಇರಲಿ.

ಬಾಬಣ್ಣ ಕಡಲ ಬದಿಯ ನಮ್ಮೂರು ಕೋಡಿಯಲ್ಲಿ ಪಕ್ಕದ ಮನೆಯವನು, ಹಡಗಿನ ಅಡುಗೆಯವನಾಗಿ ಲೋಕ ಸುತ್ತಿದವನು. ಕೊನೆಯ ಟ್ರಿಪ್ಪಿನಲ್ಲಿ ಕೇಪ್ ಟೌನಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಿ, ಹಡಗು ಇವನನ್ನು ಬಿಟ್ಟು ಹೋಯಿತು. ಆಗ ಆಸ್ಪತ್ರೆಯಿಂದ ತನ್ನ ಮನೆಗೆ ಕರೆದೊಯ್ದು ಸೂಪ್ ಕುಡಿಸಿ ಎಬ್ಬಿಸಿ ಕೂರಿಸಿದವಳು ಮಾರ್ಥಾ ಎಂಬ ದ್ರಾಕ್ಷಿ ತೋಟದ ಮುದುಕಿ. ಹೊರಡುವಾಗ ಕೆಂಪು ವೈನಿನ ಶಿರಾಜ್ ದ್ರಾಕ್ಷಿಯ ಮೂರು ಕಡ್ಡಿ ಕೊಟ್ಟು, “ನಿನ್ನೂರಲ್ಲಿ ಹಣ್ಣು ಬಿಟ್ಟರೆ ಫೋಟೊ ಕಳಿಸು, ನಾನು ಇರುವಾಗಲೇ” ಅಂದಳಂತೆ. ಒದ್ದೆ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಸುತ್ತಿ ತಂದ ಮೂರರಲ್ಲಿ ಒಂದು ಬದುಕಿತು.

ಬದುಕಿದ್ದೇನು, ಮೆರೆಯಿತು! ಬಾಬಣ್ಣನಿಗೆ ಗೊತ್ತಿದ್ದ ಬಳ್ಳಿಯೆಂದರೆ ಬಸಳೆ. ಇದಕ್ಕೂ ಹಳೆ ಬಲೆಯ ಚಪ್ಪರ ಹಾಕಿ, ದಿನಾ ಮೀನು ತೊಳೆದ ನೀರು ಬುಡಕ್ಕೆ ಹೊಯ್ದ. ಎರಡು ವರ್ಷ ಬರೀ ಎಲೆ.

“ಹ್ವಾಯ್ ಬಾಬಣ್ಣ, ಸೊಪ್ಪಿನ್ ಸಾರಿಗೆ ಯಾವಾಗ ಕರಿತ್ರಿ?” ದಾರಿಹೋಕರ ತಮಾಷೆ.

“ಕರಿತೆ, ಕರಿತೆ. ನೀವ್ ಬಟ್ಲ್ ತೊಳ್ದ್ ಇಟ್ಕಣಿ.”

ನಾನು ಕಾನ್ವೆಂಟಿನಲ್ಲಿ ಕಲಿತ ರಿಟೈರ್ಡ್ ಟೀಚರ್. ಮಾರ್ಥಾಳಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬರೆಯುವ ಕೆಲಸ ನನ್ನದು. ಸಿಸ್ಟರ್‌ಗಳು ಕಲಿಸಿದಂತೆ ಎರಡು ಪ್ಯಾರಾ ಕುಶಲ ಕೇಳಿಯೇ ವಿಷಯಕ್ಕೆ ಬರುತ್ತಿದ್ದೆ. ವಾಟ್ಸಾಪಿನಲ್ಲೂ ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’! ಅವಳ ಉತ್ತರ ಒಂದೇ ಸಾಲು: ಇಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ನಿಮ್ಮಲ್ಲಿ ಯಾವಾಗ ಮಲಗುತ್ತದೆ?

ಕೋಡಿಯಲ್ಲಿ ಚಳಿ ಎಲ್ಲಿಂದ ತರುವುದು? ಮರುದಿನ ಬೆಳಿಗ್ಗೆಯೇ ಬಾಬಣ್ಣ ಗಂಗೊಳ್ಳಿಗೆ ಹೊರಟ. ಕುತೂಹಲಕ್ಕೆ ನಾನೂ ಹೋದೆ. ಆ ಗರಗರ ಕೇಳಿದ್ದು ಆಗಲೇ. ಮೀನಿನ ಬುಟ್ಟಿಯಲ್ಲಿ ಐಸ್ ತಂದು ಬಳ್ಳಿಯ ಬುಡಕ್ಕೆ ಸುರಿದ.

“ಹ್ವಾಯ್, ಎಂತ ಮರ್ಲ್ ನಿಮ್ಗೆ?” ಹೆಂಡತಿ ಗುಲಾಬಿ ಸೊಂಟಕ್ಕೆ ಕೈಯಿಟ್ಟಳು. “ಬಂಗ್ಡಿ ಮೀನಿಗೇ ಸಿಕ್ದಿದ್ ಐಸ್ ಬಳ್ಳಿಗಾ?”

ಒಂದು ವಾರ ಹಾಗೇ ನಡೆಯಿತು. ಕರಗಿದ ನೀರು ಕುಡಿದು ಬಳ್ಳಿ ಇನ್ನಷ್ಟು ಚಿಗುರಿತು! ನಾನೂ ನಕ್ಕೆ. ಈಗ ಅನಿಸುತ್ತದೆ, ಪರವೂರಿನ ಜೀವವೊಂದಕ್ಕೆ ಚಳಿ ಬೇಕೆಂದು ಗೊತ್ತಾದ ಮರುದಿನವೇ ಬುಟ್ಟಿ ಹಿಡಿದು ಹೊರಡುವವರು ಎಷ್ಟು ಜನ ಇದ್ದಾರೆ?

ಅಷ್ಟರಲ್ಲಿ ಮಾರ್ಥಾಳ ಮಗಳ ಮೆಸೇಜ್. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಹೇಳಿದ್ದು ಇಷ್ಟೇ, “ಅದು ಮಲಗದಿದ್ದರೆ ನೀನೇ ಮಲಗಿಸು. ನೀರು ನಿಲ್ಲಿಸು, ಕತ್ತರಿಸು.” ಬಾಬಣ್ಣ ಮಳೆಗಾಲ ಕಳೆದ ಮೇಲೆ ಒಂದು ತಿಂಗಳು ನೀರು ಕೊಡಲಿಲ್ಲ. ಆಮೇಲೆ ಕಣ್ಣು ಒರೆಸಿಕೊಳ್ಳುತ್ತಾ ಹಸಿರು ಚಪ್ಪರವನ್ನೆಲ್ಲ ಕತ್ತರಿಸಿ ಹಾಕಿದ. ಬಯ್ಯುತ್ತಿದ್ದ ಗುಲಾಬಿಯೇ ಆ ದಿನ ಊಟ ಮಾಡಲಿಲ್ಲ.

ಬೋಳು ಕಡ್ಡಿ ಕಣ್ಣೊಡೆಯಿತು. ಶಿವರಾತ್ರಿಯ ಹೊತ್ತಿಗೆ ಒಂದೇ ಒಂದು ಗೊಂಚಲು, ನೇರಳೆಯಷ್ಟು ಕಪ್ಪಗೆ. ಫೋಟೊ ಕಳಿಸಿದೆ. ನಾಲ್ಕು ದಿನ ಉತ್ತರವಿಲ್ಲ. ಬಾಬಣ್ಣ ಹಣ್ಣು ಕೊಯ್ಯಲಿಲ್ಲ, ಹಕ್ಕಿ ಓಡಿಸುತ್ತಾ ಅಲ್ಲೇ ಕೂತ. ಐದನೇ ದಿನ ಬಂತು: “ಅಮ್ಮ ಕನ್ನಡಕ ಹಾಕಿಸಿಕೊಂಡು ನೋಡಿದಳು. ರುಚಿ ಹೇಗಿದೆ ಅಂತ ಕೇಳುತ್ತಿದ್ದಾಳೆ.”

ಒಂದೊಂದು ತಿಂದೆವು. ದಪ್ಪ ಸಿಪ್ಪೆ, ಬೀಜ, ಬಾಯೆಲ್ಲ ಒಗರು.

“ಟೀಚರ್ರೆ, ಸೀ ಇತ್ತ್ ಅಂದ್ ಬರೀರಿ.”

“ಸಿಹಿ ಅಂತ ಸುಳ್ಳು ಬರೆಯುವುದಾ?”

“ಸುಳ್ಳಲ್ಲ. ನಂಗೆ ಸೀಯೇ.”

ಬರೆದೆ. ಯುವರ್ಸ್ ಸಿನ್ಸಿಯರ್ಲಿ ಸಮೇತ.

ಬಾಬಣ್ಣ ಈಗಿಲ್ಲ. ಅವನು ಕೊಟ್ಟ ಕಡ್ಡಿ ನಮ್ಮ ಜಗಲಿಯ ಪಕ್ಕ ಬಳ್ಳಿಯಾಗಿದೆ, ಬರೀ ಎಲೆ. ಇಷ್ಟು ಚಂದದ ಹಸಿರಿಗೆ ಕತ್ತರಿ ಹಾಕಲು ನನಗೆ ಧೈರ್ಯವೇ ಬಂದಿರಲಿಲ್ಲ. ಮಿಕ್ಸಿ ನಿಂತಿತು. ನಾನು ಎದ್ದು ಕತ್ತರಿ ಹುಡುಕಿ ತಂದೆ.

ಬಾಬಣ್ಣನನ್ನು ಕೊನೆಯ ಸಲ ಕಂಡದ್ದು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಘಟ್ಟದ ಬುಡದ ಅಮಾಸೆಬೈಲಿನ ತಂಗಿ ಮನೆಗೆ ಹೊರಟಿದ್ದ, ಮಡಿಲಲ್ಲಿ ಒದ್ದೆ ಬೈರಾಸಿನ ಗಂಟು, ಅದರೊಳಗೆ ಕಡ್ಡಿಗಳು. “ಅಲ್ ಚೂರ್ ಚಳಿ ಇತ್ತ್ ಅಂಬ್ರ್, ಟೀಚರ್ರೆ. ಇವಕ್ಕೆ ನಿದ್ದೆ ಬಂದ್ರೂ ಬಂತ್,” ಅಂದ. ಬಸ್ಸು ಹೊರಟಾಗ ಕಿಟಕಿಯ ಬಿಸಿಲು ತಾಗದಂತೆ ಆ ಗಂಟಿನ ಮೇಲೆ ಅಂಗೈ ಹಿಡಿದಿದ್ದ.