ಸುಮ್ಮನ ಬಿಡುವ ಗಾಳಿ

ಧಾರವಾಡದ ನಮ್ಮ ಲ್ಯಾಬಿಗೆ ಯಾರೇ ಬರಲಿ, ಫರ್ನೇಸಿನ ಮುಂದೆ ನಿಲ್ಲಿಸಿಕೊಂಡು ಕೊರೆಯುವುದು ನನ್ನ ಚಟ. ಅವತ್ತು ಸಿಕ್ಕವರು ಹುಬ್ಬಳ್ಳಿಯಿಂದ ನೈಟ್ರೋಜನ್ ಸಿಲಿಂಡರ್ ತಂದಿದ್ದ ಟೆಂಪೋ ಕಾಕಾ.

“ಇದರಾಗ ಪಿಂಗಾಣಿ ಬಿಲ್ಲಿ ಅವ ನೋಡ್ರಿ ಕಾಕಾ. ಕೆಂಪಗ ಕಾಯಿಸಿ, ಉಗಿ ಬಿಟ್ಟು, ಕರೆಂಟ್ ಕೊಟ್ರ ನೀರು ಒಡದು ಎರಡಾಗ್ತದ. ಈ ಪೈಪಿನ್ಯಾಗ ಹೈಡ್ರೋಜನ್. ಸುಟ್ಟರೂ ಹೊಗಿ ಬರಂಗಿಲ್ಲ.”

“ಛಲೋ ಆತ್ರಿ. ಮತ್ತ ಆ ಪೈಪಿನ್ಯಾಗ?”

“ಆಕ್ಸಿಜನ್. ಅದು ನಮಗ ಬೇಕಾಗಿಲ್ಲ. ಸುಮ್ಮನ ಹೊರಗ ಬಿಡ್ತೇವಿ.”

ಚಲನ್ ಮಡಚುತ್ತಿದ್ದ ಕಾಕಾನ ಕೈ ನಿಂತಿತು.

“ಸುಮ್ಮನ ಬಿಡ್ತೀರೇನ್ರಿ?”

ನಾನು ನಗುತ್ತಲೇ ಹೂಂ ಅಂದೆ.

“ಕೊರೊನಾದಾಗ ಊರ ತುಂಬ ಆಕ್ಸಿಜನ್ ಸಿಲಿಂಡರ್ ಮುಟ್ಟಿಸಿದಾಂವ ನಾನ ರೀ. ನಮ್ಮ ಮನಿಯಾಕಿಗೆ ಒಂದು ತಗೊಂಡು ಬರೂದ್ರಾಗ ಹೊತ್ತಾಗಿತ್ತು.”

ದಾರಿಯಲ್ಲಿ ಟೆಂಪೋ ಪಂಕ್ಚರ್ ಆಯಿತು ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದರು. ಆಮೇಲೆ ಹಿತ್ತಲಿಗೆ ಹೋಗಿ, ಗೋಡೆಯಿಂದ ಹೊರಬಂದ ಆ ಪೈಪಿನ ಬಾಯಿಗೆ ಅಂಗೈ ಹಿಡಿದರು. ಅಲ್ಲಿಗೆ ಬರುವಷ್ಟರಲ್ಲಿ ಸುಡುವ ಕಾವೆಲ್ಲ ಇಳಿದಿರುತ್ತದೆ.

“ಬೆಚ್ಚಗ ಐತ್ರಿ,” ಅಂದರು. “ಉಸುರು ಇದ್ದಂಗ.”

ನಮ್ಮ ಲ್ಯಾಬಿನ ನಕ್ಷೆಯಲ್ಲಿ ಆ ಪೈಪಿನ ಹೆಸರು ‘ವೇಸ್ಟ್’. ಆ ಹೆಸರನ್ನು ಬದಲಿಸೋಣ ಎಂದು ಆಫೀಸಿನಲ್ಲಿ ಕೇಳಿದೆ. ಒಂದು ಫಾರ್ಮ್ ಕೊಟ್ಟರು, ಕಾರಣ ಬರೆಯಿರಿ ಎಂದರು. ಬರೆಯಲು ಒಂದೇ ಸಾಲು ಜಾಗ ಬಿಟ್ಟಿದ್ದಾರೆ. ಬಂದವರಿಗೆಲ್ಲ ತಾಸುಗಟ್ಟಲೆ ಕೊರೆಯುವ ನನಗೆ ಆ ಒಂದು ಸಾಲು ಇನ್ನೂ ತುಂಬಲಾಗಿಲ್ಲ.